ಕವಳದ ಕೀಲಿಕೈ

ಜೋಯಿಡಾದ ಗುಂದ, ಉಳವಿ ಕಡೆಯ ತೋಟದ ಮನೆಗಳಲ್ಲಿ ನೆಂಟರಿಗೆ ಹಿಂದಿನಿಂದಲೂ ಮೊದಲು ಬೆಲ್ಲ-ನೀರು, ಆಮೇಲೆ ಕವಳದ, ಅಂದರೆ ಎಲೆ-ಅಡಿಕೆಯ, ಹರಿವಾಣ. ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಕತ್ತರಿಯಲ್ಲಿ ಕತ್ತರಿಸಿದ ಅಡಿಕೆ ಹೋಳಿನ ಜತೆ ಬಾಯಿಗಿಟ್ಟರೆ ಸ್ವಲ್ಪ ಹೊತ್ತಿಗೇ ಕಿವಿ ಬಿಸಿ, ಹಣೆಯಲ್ಲಿ ಬೆವರು.

ಈ ಬಿಸಿಯ ಮೂಲ ಅರೆಕೋಲಿನ್. ಜರ್ಮನಿಯ ಅರ್ನ್ಸ್ಟ್ ಯಾನ್ಸ್ ಅಡಿಕೆಯಿಂದ ಅದನ್ನು ಬೇರ್ಪಡಿಸಿದ್ದು 1888ರಲ್ಲಿ. ನರಕೋಶಗಳ ನಡುವೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್‌ಗೆ ಮಿದುಳಿನಲ್ಲೂ ದೇಹದ ಗ್ರಂಥಿಗಳಲ್ಲೂ ಗ್ರಾಹಕಗಳೆಂಬ ಬೀಗಗಳಿವೆ. ಅರೆಕೋಲಿನ್ ಅದರದೇ ವೇಷದಲ್ಲಿ ಹೋಗಿ ಮಸ್ಕರಿನಿಕ್ ಗ್ರಾಹಕಗಳನ್ನು ತೆರೆಯುತ್ತದೆ. ಜೊಲ್ಲು, ಬೆವರು, ಚುರುಕು ಎಲ್ಲ ಅಲ್ಲಿಂದಲೇ. ನಿಕೋಟಿನ್ ಕೂರುವ ಕೆಲವು ಗ್ರಾಹಕಗಳನ್ನೂ ಅದು ತಟ್ಟುತ್ತದೆಂದು 2015ರಲ್ಲಿ ಫ್ಲೋರಿಡಾದ ಸಂಶೋಧಕರು ತೋರಿಸಿದರು. ಹಾಗಾಗಿ ಕವಳ ಬಿಡಲಾಗದೆ ಚಡಪಡಿಸುವವರ ಕಷ್ಟ ಬರೀ ಮನಸ್ಸಿನ ದೌರ್ಬಲ್ಯವಲ್ಲ.

ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಕವಳ ಹಾಕುವ ನಿಮಗೆ ಬಾಯಿ ಪೂರ್ತಿ ತೆರೆಯಲು ಬಿಗಿ ಅನ್ನಿಸುತ್ತಿದ್ದರೆ ಇವತ್ತೇ ವೈದ್ಯರಿಗೆ ತೋರಿಸಿ.