ಅಗ್ಗದ ಕ್ಯಾಮೆರಾ, ಪ್ರಚಾರದ ಚಿತ್ರ

ಪ್ರಚಾರಕ್ಕೆ ಛಾಯಾಚಿತ್ರವನ್ನು ಬಳಸುವ ರೂಢಿಗೆ ದಾರಿ ಮಾಡಿಕೊಟ್ಟದ್ದು ಅಚ್ಚುಕೂಟ. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಪತ್ರಿಕೆಯ ಜಾಹೀರಾತಿಗೆ ಚಿತ್ರ ಬೇಕಾದರೆ ಕುಶಲಕರ್ಮಿಯೊಬ್ಬ ಅದನ್ನು ಮರದ ಅಚ್ಚಿನಲ್ಲಿ ಕೊರೆಯಬೇಕಿತ್ತು. 1880ರ ಮಾರ್ಚ್ 4ರಂದು ನ್ಯೂಯಾರ್ಕಿನ ‘ಡೈಲಿ ಗ್ರಾಫಿಕ್’ ಪತ್ರಿಕೆ ಛಾಯಾಚಿತ್ರವೊಂದನ್ನು ಸಣ್ಣ ಚುಕ್ಕಿಗಳಾಗಿ ಒಡೆದು ನೇರವಾಗಿ ಮುದ್ರಿಸಿತು. ಹಾಫ್‌ಟೋನ್ ಎಂಬ ಈ ವಿಧಾನ ಮುಂದಿನ ದಶಕಗಳಲ್ಲಿ ಹರಡಿದಂತೆ ವ್ಯಾಪಾರಿಗೂ ಸಂಘಸಂಸ್ಥೆಗೂ ಸ್ವಂತ ಚಿತ್ರ ಅಚ್ಚು ಹಾಕಿಸುವ ಆಸೆ ಮೂಡಿತು. ಅದರ ಜೊತೆಗೇ ಕೈಗೆಟಕುವ ಕ್ಯಾಮೆರಾ ಯಾವುದು ಎಂಬ ಪ್ರಶ್ನೆಯೂ ಬಂತು.

ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಮಾರುಕಟ್ಟೆಗೆ ತಂದ ಕೊಡಕ್ ಕ್ಯಾಮೆರಾದ ಬೆಲೆ 25 ಡಾಲರ್. ಅದರೊಳಗೆ 100 ಚಿತ್ರಗಳಿಗಾಗುವಷ್ಟು ಫಿಲ್ಮ್ ತುಂಬಿರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಿ, 10 ಡಾಲರ್ ತೆತ್ತು, ಚಿತ್ರಗಳನ್ನೂ ಹೊಸ ಫಿಲ್ಮನ್ನೂ ಪಡೆಯಬೇಕಿತ್ತು. 1900ರಲ್ಲಿ ಬಂದ ಬ್ರೌನಿ ಒಂದೇ ಡಾಲರಿಗೆ ಸಿಕ್ಕಿತು. ಅದು ರಟ್ಟಿನ ಪೆಟ್ಟಿಗೆ. ಮುಂದೆ ಸರಳವಾದ ಒಂದು ಮಸೂರ, 15 ಸೆಂಟಿನ ಫಿಲ್ಮಿಗೆ ಆರು ಚಿತ್ರ. ಬಿಸಿಲಿನಲ್ಲಿ ಅಂಗಡಿಯ ಮುಂಭಾಗವನ್ನೋ ಶಾಲೆಯ ವಾರ್ಷಿಕೋತ್ಸವವನ್ನೋ ತೆಗೆಯಲು ಅಷ್ಟು ಸಾಕಿತ್ತು. ಆದರೆ ಫೋಕಸ್ ಬದಲಾಯಿಸುವ ಅನುಕೂಲ ಇರಲಿಲ್ಲವಾಗಿ ಹತ್ತಿರದಲ್ಲಿಟ್ಟ ಸೋಪಿನ ಪೊಟ್ಟಣ ಮಸುಕಾಗುತ್ತಿತ್ತು. ಸರಕನ್ನೇ ತೋರಿಸಬೇಕಾದ ಜಾಹೀರಾತಿಗೆ ಸ್ಟುಡಿಯೋ ಮೆಟ್ಟಿಲು ಹತ್ತುವುದು ತಪ್ಪಲಿಲ್ಲ.

ಸ್ವಾತಂತ್ರ್ಯಾನಂತರದ ಭಾರತದಲ್ಲಿ ಈ ಲೆಕ್ಕಾಚಾರ ಬೇರೆಯಾಯಿತು. ವಿದೇಶಿ ವಿನಿಮಯದ ಕೊರತೆಯಿಂದ ಆಮದಿನ ಮೇಲೆ ಕಟ್ಟುನಿಟ್ಟಾದ ಹಿಡಿತವಿತ್ತು. ಹೊರಗಿನ ಕ್ಯಾಮೆರಾ ದುಬಾರಿ, ಸಿಗುವುದೂ ದುರ್ಲಭ. ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದ್ದು ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ಒಂದು 120 ರೋಲಿಗೆ ಹನ್ನೆರಡು ಚೌಕ ಚಿತ್ರ. ನೆಗೆಟಿವ್ ದೊಡ್ಡದಾದ್ದರಿಂದ ಎನ್ಲಾರ್ಜರ್ ಇಲ್ಲದೆಯೂ ಅದನ್ನು ಕಾಗದಕ್ಕೆ ಒತ್ತಿಟ್ಟು ಪ್ರಿಂಟ್ ಹಾಕಬಹುದಿತ್ತು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1967ರಲ್ಲಿ ಉತ್ಪಾದನೆ ಆರಂಭಿಸಿತು. ಅದರ ‘ಇಂದು’ ಫಿಲ್ಮ್, ಪೂರ್ವ ಜರ್ಮನಿಯ ಆರ್ವೋ ಫಿಲ್ಮ್ ಸ್ಟುಡಿಯೋಗಳಿಗೆ ಆಸರೆಯಾದವು.

ಚಿತ್ರ ತೆಗೆದೇ ಹೊಟ್ಟೆ ಹೊರೆಯುವವರ ಆಯ್ಕೆ ಎರಡು ಮಸೂರಗಳ ಕ್ಯಾಮೆರಾ. ಜರ್ಮನಿಯ ರೋಲಿಫ್ಲೆಕ್ಸ್ ಬಹಳ ಜನರ ಕೈಗೆ ಸಿಗದ ಬೆಲೆಯದು. ಅದೇ ಮಾದರಿಯ, ಬೆಲೆಯಲ್ಲಿ ಹಗುರವಾದ ಜಪಾನಿನ ಯಾಶಿಕಾಗಳು ಮದುವೆಮನೆಗೂ ಸ್ಟುಡಿಯೋಗೂ ಬಂದವು. ಅವುಗಳಲ್ಲಿ ಹೆಸರಾದ ಯಾಶಿಕಾ ಮ್ಯಾಟ್-124ಜಿ 1970ರಿಂದ 1986ರವರೆಗೆ ತಯಾರಾಯಿತು. ಕ್ಯಾಮೆರಾವನ್ನು ಎದೆಯ ಕೆಳಗೆ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜನ್ನು ನೋಡಬೇಕು. ಎಡ ಬಲವಾಗಿ, ಬಲ ಎಡವಾಗಿ ಕಾಣುವ ಆ ಗಾಜಿನಲ್ಲಿ ಚೌಕಟ್ಟು ಕೂಡಿಸುವುದು ಅಭ್ಯಾಸದಿಂದ ಮಾತ್ರ ಬರುವ ವಿದ್ಯೆ. ಇದರ ನೆಗೆಟಿವ್ 35 ಎಂಎಂ ನೆಗೆಟಿವ್‌ಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ವಿಸ್ತಾರ. ಅದರ ಮೇಲೆ ಸೀಸದ ಕಡ್ಡಿಯಿಂದ ಟಚಿಂಗ್ ಮಾಡಬಹುದಿತ್ತು, ದೊಡ್ಡ ಪ್ರಿಂಟ್ ಹಾಕಿದರೂ ವಿವರ ಕೆಡುತ್ತಿರಲಿಲ್ಲ. ರೋಲಿಗೆ ಹನ್ನೆರಡೇ ಚಿತ್ರವಾದ್ದರಿಂದ ಪ್ರತಿ ಕ್ಲಿಕ್ಕಿಗೂ ಲೆಕ್ಕವಿತ್ತು.

ಯಾವ ಕ್ಯಾಮೆರಾ ಸಾಕು ಎಂಬುದು ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವಲಂಬಿಸಿತ್ತು. ಪತ್ರಿಕೆಯ ಒರಟು ಕಾಗದದಲ್ಲಿ ಇಂಚಿಗೆ ಹೆಚ್ಚೆಂದರೆ 85 ಸಾಲು ಚುಕ್ಕಿ ನಿಲ್ಲುತ್ತಿದ್ದವು. ಅದಕ್ಕಿಂತ ಸೂಕ್ಷ್ಮವಾದ ವಿವರ ಬ್ಲಾಕಿನಲ್ಲೇ ಅಳಿಯುತ್ತಿತ್ತು. ನುಣುಪಾದ ಆರ್ಟ್ ಪೇಪರಿನಲ್ಲಿ 150 ಸಾಲಿನ ಮುದ್ರಣವೂ ಸಾಧ್ಯ. ಹೀಗಾಗಿ ಕರಪತ್ರಕ್ಕೆ ಸಾಧಾರಣ ಕ್ಯಾಮೆರಾ ನಡೆಯಿತು, ಕ್ಯಾಲೆಂಡರಿಗೆ ನಡೆಯಲಿಲ್ಲ. ಬಣ್ಣದ ಆಫ್‌ಸೆಟ್ ಬಂದ ಮೇಲೆ ಮುದ್ರಕರು ಸ್ಲೈಡ್ ಕೇಳತೊಡಗಿದರು. ಬೆಳಕಿನ ಅಳತೆ ಸ್ವಲ್ಪ ತಪ್ಪಿದರೂ ಸ್ಲೈಡ್ ಹಾಳು. ಸೋವಿಯತ್ ಜೆನಿತ್, 1976ರಲ್ಲಿ ಬಂದ ಪೆಂಟಾಕ್ಸ್ ಕೆ1000ದಂಥ ಗಟ್ಟಿಮುಟ್ಟಾದ ಕ್ಯಾಮೆರಾಗಳಿಂದ ಕ್ಯಾಮೆರಾದ ಖರ್ಚೇನೋ ತಗ್ಗಿತು. ಫಿಲ್ಮ್ ಮತ್ತು ತೊಳೆಯುವ ಖರ್ಚು ಪ್ರತಿ ಕೆಲಸಕ್ಕೂ ಮರಳಿ ಬರುತ್ತಿತ್ತು.

ಆ ಖರ್ಚನ್ನು ಇಲ್ಲವಾಗಿಸಿದ್ದು ಡಿಜಿಟಲ್ ಕ್ಯಾಮೆರಾ. 1975ರಲ್ಲಿ ಕೊಡಕ್‌ನ ಸ್ಟೀವನ್ ಸ್ಯಾಸನ್ ಜೋಡಿಸಿದ ಮೊದಲ ಮಾದರಿ 10,000 ಬಿಂದುಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 2003ರಲ್ಲಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಬಂದ ಕ್ಯಾನನ್ ಇಒಎಸ್ 300ಡಿ 63 ಲಕ್ಷ ಬಿಂದುಗಳ ಚಿತ್ರ ಕೊಟ್ಟಿತು. ಆಫ್‌ಸೆಟ್ ಮುದ್ರಣಕ್ಕೆ ಇಂಚಿಗೆ 300 ಬಿಂದು ಎಂಬ ವಾಡಿಕೆಯ ಲೆಕ್ಕ ಹಿಡಿದರೆ ಅದು ಸುಮಾರು ಹತ್ತು ಇಂಚು ಉದ್ದ, ಏಳು ಇಂಚು ಅಗಲದ ಅಚ್ಚಿಗೆ ಸಾಕಾಗುತ್ತದೆ. ಸಣ್ಣ ಸ್ಟುಡಿಯೋವೊಂದು ಕರಪತ್ರದ ಕೆಲಸವನ್ನು ಫಿಲ್ಮ್ ಇಲ್ಲದೆ ಮುಗಿಸಲು ಸಾಧ್ಯವಾಯಿತು. 2008ರಲ್ಲಿ ನಿಕಾನ್ ಡಿ90 ಮತ್ತು ಕ್ಯಾನನ್ 5ಡಿ ಮಾರ್ಕ್ 2 ಅದೇ ಬಗೆಯ ಕ್ಯಾಮೆರಾಕ್ಕೆ ವಿಡಿಯೋವನ್ನೂ ಸೇರಿಸಿದವು. ಪ್ರಚಾರದ ಕಿರುಚಿತ್ರಕ್ಕೆ ಸಿನಿಮಾ ಕ್ಯಾಮೆರಾ ಬಾಡಿಗೆಗೆ ತರಲೇಬೇಕು ಎಂಬ ಸ್ಥಿತಿ ಹೋಯಿತು.

ಪ್ರಚಾರ ಮೊಬೈಲ್ ಪರದೆಗೆ ಇಳಿದ ಮೇಲೆ ಬೇಕಾದ ಬಿಂದುಗಳ ಸಂಖ್ಯೆ ಮತ್ತೆ ತಗ್ಗಿತು: ಫುಲ್ ಎಚ್‌ಡಿ ವಿಡಿಯೋದ ಒಂದು ಚೌಕಟ್ಟಿನಲ್ಲಿರುವುದು ಸುಮಾರು 20 ಲಕ್ಷ ಬಿಂದು. ಅಷ್ಟನ್ನು ಹಳೆಯ ಕ್ಯಾಮೆರಾವೂ ಫೋನೂ ಕೊಡುತ್ತವೆ. ಆದ್ದರಿಂದ ಸಣ್ಣ ಬಜೆಟ್ಟಿನ ಹಣ ಕ್ಯಾಮೆರಾದಿಂದ ಮಸೂರಕ್ಕೂ ಬೆಳಕಿಗೂ ಸರಿದಿದೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, 50 ಎಂಎಂನ ಅಗ್ಗದ ಮಸೂರ, ಒಂದು ಸ್ಟ್ಯಾಂಡ್, ಕಿಟಕಿಯಿಂದ ಬರುವ ಬೆಳಕು, ಎದುರಿನ ನೆರಳನ್ನು ತಿಳಿಗೊಳಿಸಲು ನಿಲ್ಲಿಸಿದ ಬಿಳಿ ಥರ್ಮಾಕೋಲ್ ಹಾಳೆ — ಬ್ರೌನಿ ಪೆಟ್ಟಿಗೆ ಮಸುಕಾಗಿಸುತ್ತಿದ್ದ ಸೋಪಿನ ಪೊಟ್ಟಣದ ಮೇಲಿನ ಅಕ್ಷರಗಳು ಇಷ್ಟರಲ್ಲೇ ಸ್ಪಷ್ಟವಾಗಿ ಮೂಡುತ್ತವೆ.