ಸ್ಟೇಪಿಡಿಯಸ್ ಸ್ನಾಯುವಿನ ಸಾಕ್ಷ್ಯ: ಕಾಕ್ಲಿಯರ್ ಇಂಪ್ಲಾಂಟ್ ಚಿಕಿತ್ಸೆಯಲ್ಲಿ ರಿಫ್ಲೆಕ್ಸ್ ಮಾಪನದ ಇತಿಹಾಸ

ಹುಟ್ಟಿನಿಂದಲೇ ಕಿವಿ ಕೇಳದ ಒಂದು ವರ್ಷದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಿದ ಮೇಲೆ ಆಡಿಯಾಲಜಿಸ್ಟ್ ಎರಡು ಮಿತಿಗಳನ್ನು ಗೊತ್ತುಮಾಡಬೇಕು. ಒಂದೊಂದು ಎಲೆಕ್ಟ್ರೋಡಿಗೂ ಎಷ್ಟು ವಿದ್ಯುತ್ ಕೊಟ್ಟರೆ ಸದ್ದು ಕೇಳತೊಡಗುತ್ತದೆ, ಎಷ್ಟಕ್ಕೆ ನಿಲ್ಲಿಸಬೇಕು? ಸಹಜ ಕಿವಿ ಸುಮಾರು 120 ಡೆಸಿಬೆಲ್ ವ್ಯಾಪ್ತಿಯ ಸದ್ದನ್ನು ತಾಳಿಕೊಳ್ಳುತ್ತದೆ. ವಿದ್ಯುತ್ತಿನ ಮೂಲಕ ಕೇಳುವಾಗ ಆ ವ್ಯಾಪ್ತಿ ಬಹುಮಟ್ಟಿಗೆ 10ರಿಂದ 20 ಡೆಸಿಬೆಲ್‌ಗೆ ಕುಗ್ಗುತ್ತದೆ. ಮೇಲ್ಮಿತಿ ಹೆಚ್ಚಾದರೆ ಮಗು ಬೆಚ್ಚಿ ಅಳುತ್ತದೆ, ಪ್ರೊಸೆಸರನ್ನೇ ಕಿತ್ತುಹಾಕುತ್ತದೆ. ಕಡಿಮೆಯಾದರೆ ಮಾತು ಮಸುಕಾಗುತ್ತದೆ, ಆದರೆ ಅದನ್ನು ಹೇಳಲು ಮಗುವಿಗೆ ಬಾಯಿಲ್ಲ. ಈ ಮೇಲ್ಮಿತಿಯ ಬಗ್ಗೆ ಮಗುವಿನ ಪರವಾಗಿ ಹೆಚ್ಚು ನಂಬಲರ್ಹವಾಗಿ ಸಾಕ್ಷ್ಯ ನುಡಿಯುವುದು ಮಧ್ಯಕಿವಿಯ ಒಂದು ಪುಟ್ಟ ಸ್ನಾಯು. ಅದರ ಮಾಪನ ಚಿಕಿತ್ಸಾಲಯಗಳಲ್ಲಿ ಹಿಂದೆ ಸರಿದದ್ದಕ್ಕೆ ಅನುಕೂಲದ ಲೆಕ್ಕಾಚಾರ ಕಾರಣವೇ ಹೊರತು ಪುರಾವೆಯ ಕೊರತೆ ಅಲ್ಲ ಎಂಬುದು ಈ ಲೇಖನದ ವಾದ.

ಸ್ಟೇಪಿಡಿಯಸ್ ಮಾನವ ದೇಹದ ಅತಿ ಚಿಕ್ಕ ಅಸ್ಥಿಸ್ನಾಯು, ಉದ್ದ ಸುಮಾರು 6 ಮಿಲಿಮೀಟರ್. ಜೋರಾದ ಸದ್ದು ಒಂದು ಕಿವಿಗೆ ಬಿದ್ದರೂ ಸಾಕು, ಶ್ರವಣ ನರದಿಂದ ಮಿದುಳುಕಾಂಡಕ್ಕೆ ಹೋದ ಸಂದೇಶ ಮುಖದ ನರದ ಮೂಲಕ ಹಿಂತಿರುಗಿ ಎರಡೂ ಕಿವಿಗಳ ಸ್ಟೇಪಿಡಿಯಸ್ಸನ್ನು ಬಿಗಿಯುತ್ತದೆ. ಇದು ನಮ್ಮ ಇಚ್ಛೆಗೆ ಒಳಪಡದ ಪರಾವರ್ತಿತ ಪ್ರತಿಕ್ರಿಯೆ, ಅಂದರೆ ರಿಫ್ಲೆಕ್ಸ್. ಸದ್ದಿಗೆ ಮಧ್ಯಕಿವಿಯ ಸ್ನಾಯು ಬಿಗಿಯುವುದನ್ನು 1878ರಲ್ಲಿ ಹೆನ್ಸನ್ ನಾಯಿಗಳಲ್ಲಿ ಗುರುತಿಸಿದರು. ಅವರು ನೋಡಿದ್ದು ಪಕ್ಕದ ಟೆನ್ಸರ್ ಟಿಂಪನಿಯನ್ನು. 1913ರಲ್ಲಿ ಕಾಟೊ ಬೆಕ್ಕು, ಮೊಲಗಳ ಮೇಲೆ ಪ್ರಯೋಗ ಮಾಡಿದರು. ಮನುಷ್ಯನ ಸ್ಟೇಪಿಡಿಯಸ್ ಚಲಿಸುವುದನ್ನು 1929ರಲ್ಲಿ ಲ್ಯೂಷರ್ ಕಿವಿತಮಟೆಯ ತೂತಿನ ಮೂಲಕ ಕಣ್ಣಾರೆ ಕಂಡರು.

ಕಂಡದ್ದನ್ನು ಅಳೆಯುವ ದಾರಿ ತೋರಿದವರು ಕೋಪನ್‌ಹೇಗನ್ನಿನ ಒಟ್ಟೊ ಮೆಟ್ಸ್. ಸ್ನಾಯು ಬಿಗಿದಾಗ ಕಿವಿತಮಟೆ ಪೆಡಸಾಗಿ, ಹೊರಗಿನಿಂದ ಬಿಟ್ಟ ಸದ್ದನ್ನು ಹೆಚ್ಚಾಗಿ ಹಿಮ್ಮೆಟ್ಟಿಸುತ್ತದೆ. 1946ರ ಗ್ರಂಥದಲ್ಲಿ ಅವರು ಈ ಬದಲಾವಣೆಯನ್ನು ರೋಗನಿರ್ಣಯದ ಸಾಧನವಾಗಿಸಿದರು. ಮುಂದೆ ಅಮೆರಿಕದಲ್ಲಿ ಜೇಮ್ಸ್ ಜರ್ಗರ್ 1970ರ ಸುಮಾರಿಗೆ ಈ ಬಗೆಯ ಮಾಪನವನ್ನು, ಅಂದರೆ ಇಂಪೀಡನ್ಸ್ ಪರೀಕ್ಷೆಯನ್ನು, ದಿನನಿತ್ಯದ ಚಿಕಿತ್ಸೆಯ ಭಾಗವಾಗಿಸಿದರು. ಇಂಪ್ಲಾಂಟಿನ ಕಥೆಗೂ ರಿಫ್ಲೆಕ್ಸಿನ ಕಥೆಗೂ ಕೊಂಡಿ ಹಾಕಿದವರೂ ಅವರೇ. ಪ್ಯಾರಿಸ್ಸಿನಲ್ಲಿ 1957ರಲ್ಲಿ ಜೂರ್ನೊ ಮತ್ತು ಎರಿಯೆಸ್, 1961ರಲ್ಲಿ ಲಾಸ್ ಏಂಜಲೀಸಿನಲ್ಲಿ ವಿಲಿಯಂ ಹೌಸ್, 1978ರಲ್ಲಿ ಮೆಲ್ಬರ್ನಿನಲ್ಲಿ ಗ್ರೇಮ್ ಕ್ಲಾರ್ಕ್, ಹೀಗೆ ಮೊದಮೊದಲು ಇಂಪ್ಲಾಂಟ್ ಅಳವಡಿಸಿದ ಇವರೆಲ್ಲರ ಮುಂದಿದ್ದವರು ಏನು ಕೇಳಿಸಿತೆಂದು ಹೇಳಬಲ್ಲ ವಯಸ್ಕರು. ಹಾಗಾಗಿ ಆ ದಿನಗಳಲ್ಲಿ ರಿಫ್ಲೆಕ್ಸಿನ ನೆರವು ಅಷ್ಟಾಗಿ ಬೇಕಿರಲಿಲ್ಲ. 1986ರಲ್ಲಿ ಜರ್ಗರ್ ಮತ್ತು ಸಂಗಡಿಗರು ಒಬ್ಬ ಇಂಪ್ಲಾಂಟ್ ಬಳಕೆದಾರರಲ್ಲಿ ವಿದ್ಯುತ್ ಪ್ರಚೋದನೆಗೂ ಸ್ಟೇಪಿಡಿಯಸ್ ಸ್ಪಂದಿಸುವುದನ್ನು ವರದಿ ಮಾಡಿದರು. ಎರಡು ವರ್ಷಗಳಲ್ಲಿ, ರಿಫ್ಲೆಕ್ಸ್ ಶುರುವಾಗುವ ವಿದ್ಯುತ್ ಮಟ್ಟಕ್ಕೂ ರೋಗಿ ಹಿತವೆನ್ನುವ ಮಟ್ಟಕ್ಕೂ ಹತ್ತಿರದ ನಂಟಿದೆಯೆಂದು ತೋರಿಸಿದರು. 1990ರಲ್ಲಿ ಹ್ಯಾನೋವರ್‌ನ ಬಾಟ್ಮರ್, ಲಾಸ್ಜಿಗ್ ಮತ್ತು ಲೇನ್‌ಹಾರ್ಟ್ ಈ ಶೋಧವನ್ನು ಮುಂದುವರಿಸಿದರು. ಅದೇ ವರ್ಷ ಅಮೆರಿಕದಲ್ಲಿ ಎರಡು ವರ್ಷ ದಾಟಿದ ಮಕ್ಕಳಿಗೂ ಬಹುಚಾನೆಲ್ ಇಂಪ್ಲಾಂಟಿಗೆ ಅನುಮತಿ ಸಿಕ್ಕಿತು. ಮಾತು ಬಾರದ ರೋಗಿ ಎದುರು ಬಂದಾಗಲೇ ಈ ಮಾಪನಕ್ಕೆ ನಿಜವಾದ ತುರ್ತು ಬಂದದ್ದು.

ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ರಿಫ್ಲೆಕ್ಸನ್ನು ಗುರುತಿಸಲು ಬೇರೆ ಅಳತೆಯ ಯಂತ್ರ ಬೇಡ, ಕಣ್ಣೇ ಸಾಕು. ಕಿವಿಯ ಹಿಂದಿನ ಮೂಳೆಯನ್ನು ಕೊರೆದು, ಮುಖದ ನರಕ್ಕೂ ರುಚಿಯ ನರದ ಎಳೆಗೂ ನಡುವಿನ ಇಕ್ಕಟ್ಟಾದ ಕಿಂಡಿಯಿಂದ ಶಸ್ತ್ರವೈದ್ಯರು ಮಧ್ಯಕಿವಿಯನ್ನು ಹೊಗುತ್ತಾರೆ. ಎಲೆಕ್ಟ್ರೋಡಿನ ಎಳೆಯನ್ನು ತೂರಿಸುವ ದುಂಡುಕಿಟಕಿ ಆ ಕಿಂಡಿಯಲ್ಲೇ ಕಾಣುತ್ತದೆ. ಅದರ ಸ್ವಲ್ಪ ಮೇಲೆ ಸ್ಟೇಪಿಡಿಯಸ್ಸಿನ ಬಿಳಿ ಸ್ನಾಯುರಜ್ಜು. ಆಡಿಯಾಲಜಿಸ್ಟ್ ಕಂಪ್ಯೂಟರಿನಿಂದ ಒಂದೊಂದೇ ಎಲೆಕ್ಟ್ರೋಡಿಗೆ ವಿದ್ಯುತ್ ಏರಿಸುತ್ತಾ ಹೋಗುತ್ತಾರೆ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟವರು ರಜ್ಜು ಮಿಡಿದ ಕೂಡಲೇ ಹೇಳುತ್ತಾರೆ. ಆ ಒಂದು ಮಿಡಿತ ಉಪಕರಣ, ಶ್ರವಣ ನರ, ಮಿದುಳುಕಾಂಡ, ಮುಖದ ನರ ಎಲ್ಲವೂ ಕೆಲಸ ಮಾಡುತ್ತಿವೆ ಎಂಬುದನ್ನು ಒಟ್ಟಿಗೇ ಸಾಬೀತುಪಡಿಸುತ್ತದೆ. ಹೊರಗೆ ಕಾದು ಕುಳಿತ ತಂದೆತಾಯಿಗೆ ಹೇಳಬಹುದಾದ ಮೊದಲ ಒಳ್ಳೆಯ ಸುದ್ದಿ ಇದು. ಆದರೆ ಮಿಡಿಯಲಿಲ್ಲವೆಂದ ಮಾತ್ರಕ್ಕೆ ಇಂಪ್ಲಾಂಟ್ ಸೋತಿತೆಂದು ಅರ್ಥವಲ್ಲ. ಸ್ನಾಯು ಸಡಿಲಿಸುವ ಔಷಧ ಪೂರ್ತಿ ಪ್ರಭಾವದಲ್ಲಿದ್ದರೆ ರಜ್ಜು ಅಲುಗುವುದೇ ಇಲ್ಲ. ಐಸೊಫ್ಲುರೇನ್‌ನಂಥ ಉಸಿರಿನ ಮೂಲಕ ಕೊಡುವ ಅರಿವಳಿಕೆಗಳು ಪ್ರಮಾಣ ಹೆಚ್ಚಿದಷ್ಟೂ ರಿಫ್ಲೆಕ್ಸನ್ನು ಅಡಗಿಸುತ್ತವೆ. ಪ್ರೊಪೊಫಾಲ್ ಅಷ್ಟು ಅಡ್ಡಿ ಮಾಡುವುದಿಲ್ಲ. ಶಸ್ತ್ರಕ್ರಿಯೆಯಲ್ಲಿ ಸಿಕ್ಕ ಅಂಕಿಯನ್ನೇ ಮ್ಯಾಪಿಂಗಿಗೆ, ಅಂದರೆ ಮುಂದೆ ಆ ಎರಡು ಮಿತಿಗಳನ್ನು ಗೊತ್ತುಮಾಡುವ ಕೆಲಸಕ್ಕೆ, ಬಳಸಿದರೆ ಮೇಲ್ಮಿತಿ ಅಪಾಯದ ಮಟ್ಟಕ್ಕೆ ಏರಬಹುದು.

1990ರಲ್ಲೇ ಅಯೋವಾದ ಬ್ರೌನ್, ಅಬ್ಬಾಸ್ ಮತ್ತು ಗ್ಯಾಂಟ್ಜ್ ಇಂಪ್ಲಾಂಟ್ ಬಳಸುವವರ ಶ್ರವಣ ನರದ ಸ್ಪಂದನವನ್ನು ನೇರವಾಗಿ ದಾಖಲಿಸಿದರು. ಆ ದಶಕದ ಕೊನೆಗೆ ಇಂಪ್ಲಾಂಟೇ ನರದ ಸ್ಪಂದನವನ್ನು ಅಳೆದು ಹೊರಕ್ಕೆ ಕಳಿಸುವಂತಾಯಿತು. ಮಗು ನಿದ್ದೆಯಲ್ಲಿರಲಿ, ಆಟದಲ್ಲಿರಲಿ, ಮಾಪನ ನಡೆಯುತ್ತದೆ. ರಿಫ್ಲೆಕ್ಸ್ ಮಾಪನದಂತೆ ಕಿವಿಯಲ್ಲಿ ಇಡುವ ಅಳತೆಯ ಪ್ರೋಬ್ ಬೇಡ. ಚಿಕಿತ್ಸಾಲಯಗಳು ಅದರತ್ತ ವಾಲಿದ್ದು ಸಹಜವೇ. ಆದರೆ ನರ ಸ್ಪಂದಿಸುವ ಮಟ್ಟ ಒಬ್ಬರಲ್ಲಿ ಕೆಳಮಿತಿಯ ಹತ್ತಿರವಿದ್ದರೆ, ಇನ್ನೊಬ್ಬರಲ್ಲಿ ಮೇಲ್ಮಿತಿಯನ್ನೇ ದಾಟುತ್ತದೆ. ಎಲೆಕ್ಟ್ರೋಡುಗಳ ನಡುವಿನ ಏರಿಳಿತದ ಆಕಾರವನ್ನು ಅದು ತಿಳಿಸಬಲ್ಲದು, ಹಿತವಾದ ಮಟ್ಟವನ್ನು ತಿಳಿಸುವಲ್ಲಿ ಸೋಲುತ್ತದೆ. ರಿಫ್ಲೆಕ್ಸಿನ ಬಲ ಇರುವುದು ಅಲ್ಲೇ.

ಮ್ಯಾಪಿಂಗ್ ಹೊತ್ತಿನಲ್ಲಿ ಪ್ರೋಬನ್ನು ಸಾಮಾನ್ಯವಾಗಿ ಇಂಪ್ಲಾಂಟ್ ಇಲ್ಲದ ಕಿವಿಗೆ ಇಟ್ಟು, ಪ್ರಚೋದನೆ ಕೊಟ್ಟಾಗಲೆಲ್ಲ ಪರದೆಯ ಗೆರೆ ಬಾಗುವುದನ್ನು ನೋಡಲಾಗುತ್ತದೆ. ಗೆರೆ ಬಾಗುವ ಅತಿ ಕಡಿಮೆ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ತುಸು ಕೆಳಗೆ, ಮೇಲ್ಮಿತಿಯನ್ನು ಇಡುತ್ತಾರೆ. ಶೀತವಾಗಿ ಮಧ್ಯಕಿವಿಯಲ್ಲಿ ನೀರು ತುಂಬಿದ್ದರೆ, ಮಗು ತಲೆ ಅಲ್ಲಾಡಿಸುತ್ತಿದ್ದರೆ, ಗೆರೆ ನಂಬುವಂತಿರುವುದಿಲ್ಲ. ಕೆಲವರಲ್ಲಂತೂ ರಿಫ್ಲೆಕ್ಸ್ ಸಿಗುವುದೇ ಇಲ್ಲ. ರೂಢಿಯ 226 ಹರ್ಟ್ಸ್ ಪ್ರೋಬ್ ಧ್ವನಿಯ ಬದಲು 678 ಅಥವಾ 1000 ಹರ್ಟ್ಸ್ ಬಳಸಿದರೆ ಸ್ಪಂದನ ಸಿಗುವ ಸಾಧ್ಯತೆ ಹೆಚ್ಚೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ಹಳೆಯ ಸೋಲುಗಳಲ್ಲಿ ಒಂದಷ್ಟು ಪಾಲು ಮಾಪನದ ವಿಧಾನದ್ದೇ ಆಗಿರಬೇಕೆಂದು ನನಗನಿಸುತ್ತದೆ.

ನಮ್ಮಲ್ಲಿ ಇದಕ್ಕೆ ಬೇಕಾದ ಪರಿಣತಿ ಹೊಸದೇನಲ್ಲ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದಶಕಗಳಿಂದ ಆಡಿಯಾಲಜಿಸ್ಟರನ್ನು ತಯಾರು ಮಾಡುತ್ತಿದೆ, ಕೇಂದ್ರ ಸರ್ಕಾರದ ಯೋಜನೆಯಡಿ ಬಡ ಮಕ್ಕಳಿಗೂ ಇಂಪ್ಲಾಂಟ್ ಸಿಗುತ್ತಿದೆ. ಆದರೆ ಶಸ್ತ್ರಕ್ರಿಯೆ ಒಂದು ಊರಿನಲ್ಲಿ, ಮ್ಯಾಪಿಂಗ್ ಇನ್ನೊಂದು ಊರಿನಲ್ಲಿ ಆದಾಗ ಮಗುವಿನೊಂದಿಗೆ ಬರುವುದು ಕಡತ ಮಾತ್ರ. ಅದರಲ್ಲಿ ರಿಫ್ಲೆಕ್ಸಿನ ಅಂಕಿಯ ಪಕ್ಕದಲ್ಲೇ ಕೊಟ್ಟ ಅರಿವಳಿಕೆಯ ಹೆಸರು, ಪ್ರಮಾಣ, ಸ್ನಾಯು ಸಡಿಲಿಸುವ ಔಷಧ ಕೊಟ್ಟಿದ್ದರೆ ಅದರ ಸಮಯ ಬರೆದಿರಬೇಕು. ಇವಿಲ್ಲದೆ ಆ ಅಂಕಿ ಮುಂದಿನ ಆಡಿಯಾಲಜಿಸ್ಟಿಗೆ ಉಪಯೋಗಕ್ಕೆ ಬಾರದು.