ಮೂರನೇ ಸಿಲಿಂಡರಿನ ಬಿಸಿ

1947ರ ಏಪ್ರಿಲ್‌ನಲ್ಲಿ ಬೆನ್ ಪಾನ್ ಎಂಬ ಡಚ್ ಕಾರು ವ್ಯಾಪಾರಿ ತನ್ನ ನೋಟ್‌ಬುಕ್ಕಿನಲ್ಲಿ ಡಬ್ಬಿಯಂಥದೊಂದು ಗಾಡಿಯ ಚಿತ್ರ ಗೀಚಿದ. ಡ್ರೈವರ್ ಮುಂದೆ, ಇಂಜಿನ್ ಹಿಂದೆ, ನಡುವೆ ಸರಕು. 1950ರ ಮಾರ್ಚ್‌ನಲ್ಲಿ ಜರ್ಮನಿಯ ವೋಲ್ಫ್ಸ್‌ಬರ್ಗ್ ಕಾರ್ಖಾನೆಯಿಂದ ಆ ಡಬ್ಬಿ ಫೋಕ್ಸ್‌ವ್ಯಾಗನ್ ಟೈಪ್ 2 ಎಂಬ ಹೆಸರಿನಲ್ಲಿ ಹೊರಬರತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಹಾಸಿಗೆ, ಕಪಾಟು ಜೋಡಿಸಿ ಓಡಾಡುವ ಮನೆ ಮಾಡಿಕೊಟ್ಟಿತು. ಮನೆಯೇನೋ ಆಯಿತು, ಅದನ್ನು ಎಳೆಯಬೇಕಾದದ್ದು ಮಾತ್ರ ಬೀಟಲ್ ಕಾರಿನ ಇಂಜಿನ್: 1131 ಸಿಸಿ, 25 ಅಶ್ವಶಕ್ತಿ.

ಈ ಇಂಜಿನ್‌ಗೆ ರೇಡಿಯೇಟರ್ ಇಲ್ಲ, ನೀರಿಲ್ಲ. ಒಂದು ಫ್ಯಾನ್ ಬೀಸುವ ಗಾಳಿ ಮತ್ತು ಒಳಗೆ ಸುತ್ತುವ ಎರಡೂವರೆ ಲೀಟರ್ ಎಣ್ಣೆ, ಇವೆರಡೇ ಅದರ ತಂಪು. ಹೀಗಾಗಿ ಇಲ್ಲಿ ಎಣ್ಣೆಗೆ ಎರಡು ಕೆಲಸ: ಸವೆಯುವ ಭಾಗಗಳನ್ನು ಜಾರಿಸುವುದು, ಬಿಸಿಯನ್ನು ಹೊತ್ತೊಯ್ಯುವುದು. ಹೊತ್ತ ಬಿಸಿ ಇಳಿಸಲು ಅದಕ್ಕೊಂದು ಪುಟ್ಟ ಕೂಲರ್ ಇತ್ತು. ಬೆಳಗಿನ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿದ್ದಾಗ ಅದರ ಒತ್ತಡಕ್ಕೆ ವಾಲ್ವ್ ಒಂದು ತೆರೆದು, ಎಣ್ಣೆ ಕೂಲರನ್ನು ಬಿಟ್ಟು ನೇರ ಹೋಗುತ್ತಿತ್ತು. ಬಿಸಿಯಾಗಿ ತೆಳುವಾದ ಮೇಲೆ ಕೂಲರಿನ ದಾರಿ ಹಿಡಿಯುತ್ತಿತ್ತು. ಜಾಣ ಏರ್ಪಾಡು.

ಎಡವಟ್ಟಾದದ್ದು ಕೂಲರನ್ನು ಇಟ್ಟ ಜಾಗದಲ್ಲಿ. ಅದು ಫ್ಯಾನಿನ ತಗಡಿನ ಹೊದಿಕೆಯೊಳಗೇ, ಎಡಗಡೆಯ ಸಿಲಿಂಡರುಗಳಿಗೆ ಹೋಗುವ ಗಾಳಿಗೆ ಅಡ್ಡವಾಗಿ ನಿಂತಿತ್ತು. ಪೆಟ್ಟು ಬಿದ್ದದ್ದು ಮೂರನೇ ಸಿಲಿಂಡರಿಗೆ. ಅದಕ್ಕೆ ಸಿಗುತ್ತಿದ್ದದ್ದು ಕಡಿಮೆ ಗಾಳಿ, ಅದೂ ಕೂಲರಿನಲ್ಲಿ ಒಮ್ಮೆ ಬಿಸಿಯಾಗಿ ಬಂದದ್ದು. ಎಣ್ಣೆಯ ಬಿಸಿ ಇಳಿಸಲು ಹೋಗಿ ಸಿಲಿಂಡರಿನ ಬಿಸಿ ಏರಿಸಿದಂತಾಯಿತು. ಕಂಪನಿಗೆ ಇದು ತಿಳಿಯದೆ ಇರಲಿಲ್ಲ. ಹಲವು ಇಂಜಿನ್‌ಗಳಲ್ಲಿ ಮೂರನೇ ಸಿಲಿಂಡರಿಗೆ ಮಾತ್ರ ಕಿಡಿ ಕೆಲವು ಡಿಗ್ರಿ ತಡವಾಗಿ ಬೀಳುವಂತೆ ಮಾಡಲಾಗಿತ್ತು. ರೋಗ ಹಾಗೇ ಇಟ್ಟು ಪಥ್ಯ ಹೇಳಿದ ಹಾಗೆ.

ಹಗುರವಾದ ಬೀಟಲ್ ಇದನ್ನು ಹೇಗೋ ತಾಳಿಕೊಂಡಿತು. ವ್ಯಾನಿನ ಕತೆ ಬೇರೆ. ಎದುರುಗಾಳಿಗೆ ಗೋಡೆಯಂತಹ ಮೂತಿ, ಒಳಗೆ ಸಂಸಾರದ ಭಾರ. 1960ರ, 70ರ ದಶಕಗಳಲ್ಲಿ ಯುರೋಪಿನ ಹಿಪ್ಪಿಗಳು ಇವೇ ವ್ಯಾನುಗಳಲ್ಲಿ ಇಸ್ತಾಂಬುಲ್, ತೆಹರಾನ್, ಕಾಬೂಲ್ ದಾಟಿ ದೆಹಲಿಗೆ, ಅಲ್ಲಿಂದ ಗೋವಾಕ್ಕೆ ಬಂದರು. ಅಂಥ ದಾರಿಯಲ್ಲಿ ಎಣ್ಣೆ ಅತಿಯಾಗಿ ತೆಳುವಾದರೆ ಬೇರಿಂಗ್ ಸವೆಯುತ್ತದೆ. ಮೆಗ್ನೀಸಿಯಮ್ ಮಿಶ್ರಲೋಹದ ಕ್ರ್ಯಾಂಕ್‌ಕೇಸ್ ಬಿಸಿಗೆ ಸೊರಗುತ್ತದೆ. ಮೂರನೆಯದರ ಎಗ್ಸಾಸ್ಟ್ ವಾಲ್ವ್ ಮುರಿದರೆ ಪ್ರಯಾಣ ಅಲ್ಲಿಗೇ ಮುಗಿಯಿತು.

ಸರಿಯಾದ ಉತ್ತರ ಬಂದದ್ದು 1971ರ ಮಾದರಿಯಲ್ಲಿ. ಕೂಲರನ್ನು ಹೊದಿಕೆಯಿಂದ ಹೊರಗೆ ಸರಿಸಿ, ಅದಕ್ಕೇ ಒಂದು ತಗಡಿನ ಗೂಡು ಕಟ್ಟಿ, ಫ್ಯಾನನ್ನೂ ತುಸು ಅಗಲ ಮಾಡಿದರು. ಕೂಲರಿಗೆ ತನ್ನದೇ ಗಾಳಿ, ಅದು ಕಾಯಿಸಿದ ಗಾಳಿಗೆ ಹೊರಹೋಗಲು ಬೇರೆ ದಾರಿ. ಗೂಡಿನ ಆಕಾರ ನೋಡಿ ಮೆಕ್ಯಾನಿಕ್ಕುಗಳು ಅದನ್ನು ಡಾಗ್‌ಹೌಸ್ ಎಂದರು, ನಾಯಿಗೂಡು. ಇಪ್ಪತ್ತು ವರ್ಷ ಬೇಕಾಯಿತು ಇಷ್ಟು ಸರಿಸಲು!

ಹಳೆಯ ವ್ಯಾನುಗಳ ಮಾಲೀಕರು ಆಮೇಲೆ ಈ ನಾಯಿಗೂಡನ್ನು ತಮ್ಮ ಇಂಜಿನ್‌ಗೂ ತಂದು ಕೂರಿಸತೊಡಗಿದರು. ಹೊದಿಕೆ, ಫ್ಯಾನ್, ತಗಡು ಎಲ್ಲ ಬದಲಾಗಬೇಕು. ಹಳೆಯ ಕೇಸಿನ ಎಣ್ಣೆ ರಂಧ್ರ ಕಿರಿದಾದ್ದರಿಂದ ನಡುವೆ ಹೊಂದಿಕೆಯ ಸೀಲುಗಳೂ ಬೇಕು. ಇನ್ನು ಕೆಲವರು ಹೊರಗೆ ಎರಡನೇ ಕೂಲರ್ ತೂಗುಹಾಕಿ, ಕಾರ್ಖಾನೆ ಕೊಡದೇ ಇದ್ದ ಫಿಲ್ಟರನ್ನೂ ಅದೇ ಪೈಪಿಗೆ ಜೋಡಿಸಿದರು. ಮೂಲ ಇಂಜಿನ್‌ನಲ್ಲಿದ್ದದ್ದು ಬರೀ ಜಾಲರಿ. ಹೊರಗಿನ ಕೂಲರಿಗೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಚಳಿಗಾಲದಲ್ಲಿ ಎಣ್ಣೆ ಕಾಯುವುದೇ ಇಲ್ಲ, ಒಳಗಿನ ತೇವವೂ ಆರುವುದಿಲ್ಲ.

ಇಷ್ಟೆಲ್ಲ ಖರ್ಚಿಗೆ ಮುಂಚೆ ನೋಡಬೇಕಾದದ್ದು ಇಂಜಿನ್ ಸುತ್ತಲಿನ ರಬ್ಬರ್ ಪಟ್ಟಿಯನ್ನು. ಅದು ಹರಿದಿದ್ದರೆ ಕೆಳಗಿನ ಬಿಸಿಗಾಳಿ ಮೇಲೇರಿ ಮತ್ತೆ ಫ್ಯಾನಿಗೇ ಸೇರುತ್ತದೆ. ಅನಗತ್ಯವೆಂದು ಯಾರೋ ಬಿಚ್ಚಿ ಎಸೆದ ತಗಡುಗಳ ತಪ್ಪನ್ನು ಎಷ್ಟೋ ಕೂಲರುಗಳು ತಲೆಗೆ ಕಟ್ಟಿಕೊಂಡಿವೆ.

ಜರ್ಮನಿಯಲ್ಲಿ ಮೂರನೇ ಪೀಳಿಗೆಯ ವ್ಯಾನಿನ ಪೆಟ್ರೋಲ್ ಇಂಜಿನ್‌ಗೆ 1982ರಲ್ಲಿ ನೀರಿನ ತಂಪು ಬಂತು. ಬ್ರೆಜಿಲ್‌ನ ಕೊಂಬಿ ಮಾತ್ರ 2005ರ ಡಿಸೆಂಬರ್‌ವರೆಗೂ ಗಾಳಿಯನ್ನೇ ನಂಬಿ ಕಾರ್ಖಾನೆಯಿಂದ ಹೊರಬರುತ್ತಿತ್ತು.